ಸೂರಿಗೆ ಬೇಕಾದ ಬಂಧ: ಕಲಬುರಗಿ–ಕಮಲಾಪುರ ಸೀಮೆಯ ಮನೆಗಳೂ ಬಿರುಗಾಳಿಯೂ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಕಣದಲ್ಲಿ ಹುಟ್ಟಿದ ಮಾತು. ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸಿಕೊಡುವ ಗಾಳಿ ಒಕ್ಕಲಿಗನಿಗೆ ಬಂಧುವಿದ್ದಂತೆ. ಸುಗ್ಗಿಯ ಕಾಲಕ್ಕೆ ಅವನು ಅದರ ದಾರಿಯನ್ನೇ ಕಾಯುತ್ತಾನೆ. ಅದೇ ಗಾಳಿ ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ ಬೇರೆಯೇ ರೂಪವನ್ನು ತಾಳುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಕಾಲ, ಎಂದರೆ ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ, ಕಲಬುರಗಿ ಸೀಮೆಯ ನೆಲ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹಗಲೆಲ್ಲ ಕಾಯುತ್ತದೆ. ಸಂಜೆಗೆ ಕಾರ್ಮೋಡ ಕಟ್ಟುತ್ತದೆ. ಮೋಡದೊಳಗಿಂದ ತಣ್ಣನೆಯ ಗಾಳಿ ಒಮ್ಮೆಲೇ ನೆಲಕ್ಕೆ ಇಳಿದು, ಧೂಳನ್ನೆಬ್ಬಿಸುತ್ತ ನಾಲ್ಕೂ ದಿಕ್ಕಿಗೆ ಹರಡುತ್ತದೆ. ಅದರ ಅಬ್ಬರ ಬಹಳ ಹೊತ್ತು ಇರುವುದಿಲ್ಲ. ಆದರೆ ಅಷ್ಟರಲ್ಲಿ ಮರಗಳು ಉರುಳಿರುತ್ತವೆ, ವಿದ್ಯುತ್ ಕಂಬಗಳು ಬಾಗಿರುತ್ತವೆ, ಬಡವರ ಮನೆಯ ತಗಡು ಪಕ್ಕದ ಹೊಲದಲ್ಲಿ ಬಿದ್ದಿರುತ್ತದೆ.

ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಊರಿಗೆ ಚಂಡಮಾರುತದ ಚಿಂತೆ ಏತಕ್ಕೆ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಮನೆಯ ಸೂರಿಗೆ ಗಾಳಿ ಎಲ್ಲಿ ಹುಟ್ಟಿತೆಂಬುದು ಮುಖ್ಯವಲ್ಲ, ತನ್ನನ್ನು ಎಷ್ಟು ಬಲದಿಂದ ಎತ್ತುತ್ತದೆ ಎಂಬುದೇ ಮುಖ್ಯ. ಆ ಬಲವನ್ನು ಈ ಸೀಮೆಯ ಜನರು ಯಾವ ಯಾವ ಕಾಲದಲ್ಲಿ ಹೇಗೆ ಎದುರಿಸಿದರು, ಎಲ್ಲಿ ಗೆದ್ದರು, ಗೆದ್ದೆವೆಂದು ತಿಳಿದಲ್ಲಿ ಏನನ್ನು ಕಳೆದುಕೊಂಡರು ಎಂಬುದನ್ನು ನೋಡಿದರೆ, ಮನೆ ಕಟ್ಟುವವರಿಗೂ ಕಟ್ಟಿಸಿ ಬಾಡಿಗೆಗೆ ಕೊಡುವವರಿಗೂ ಒಂದು ಧರ್ಮದ ಪಾಠ ದೊರೆಯುತ್ತದೆ.

ಕಲ್ಲುಸೀಮೆಯ ಹಳೆಯ ಉತ್ತರ

ಕಲಬುರಗಿಯ ಹೆಸರಿನಲ್ಲಿಯೇ ಕಲ್ಲು ಇದೆಯೆಂದು ಜನ ಹೇಳುತ್ತಾರೆ. ನಗರದ ಸುತ್ತ ಕರಿಕಲ್ಲು. ದಕ್ಷಿಣಕ್ಕೆ ಶಹಾಬಾದ, ಚಿತ್ತಾಪುರ, ಸೇಡಂ ಕಡೆಗೆ ಪದರ ಪದರವಾಗಿ ಏಳುವ ಸುಣ್ಣದ ಕಲ್ಲು. ಉತ್ತರಕ್ಕೆ ಬೀದರದ ಕಡೆ ಹೋದಂತೆ ಕೆಂಪು ಮುರಕಲ್ಲು. ಇಂಥ ನೆಲದಲ್ಲಿ ಗಾಳಿಗೆ ಪೂರ್ವಿಕರು ಕಂಡುಕೊಂಡ ಮೊದಲ ಉತ್ತರ ಭಾರ. ಎತ್ತಲಾಗದಷ್ಟು ಭಾರವಾದುದನ್ನು ಗಾಳಿ ಎತ್ತಲಾರದು.

ಕಾಗಿಣಾ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಆ ಊರಿನ ನೇಮಿನಾಥ ಬಸದಿಗೆ ಹೋದವರು ಕಲ್ಲಿನ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಎಂಬ ಕ್ರಮವನ್ನು ಕಣ್ಣಾರೆ ಕಾಣಬಹುದು. ಕಲಬುರಗಿ ಕೋಟೆಯೊಳಗೆ ಬಹಮನಿ ಅರಸರ ಕಾಲದಲ್ಲಿ, 1367ರಲ್ಲಿ, ಕಟ್ಟಿದ ಜಾಮಿ ಮಸೀದಿಯದು ಇನ್ನೊಂದು ಕ್ರಮ. ಸಾಮಾನ್ಯವಾಗಿ ಇಂಥ ಕಟ್ಟಡಗಳ ನಡುವೆ ಇರುವ ಬಯಲು ಅಂಗಳ ಅಲ್ಲಿಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಹೊದಿಕೆ. ಗುಮ್ಮಟದ ಭಾರ ಕಮಾನಿಗೆ, ಕಮಾನಿನ ಭಾರ ಕಂಬಕ್ಕೆ, ಕಂಬದ ಭಾರ ತಳಪಾಯಕ್ಕೆ ಇಳಿಯುವಂತೆ ಒಂದಕ್ಕೊಂದು ಒಪ್ಪಿಸಿಕೊಟ್ಟಿರುವುದರಿಂದ ಆರೂವರೆ ಶತಮಾನಗಳ ಗಾಳಿ-ಮಳೆಗಳನ್ನು ಅದು ಕಂಡಿದೆ. ನಾಡಿನ ಇನ್ನೊಂದು ತುದಿಯಲ್ಲಿ, ಕಡಲಿಗೆ ಸಮೀಪದ ಮೂಡಬಿದಿರೆಯಲ್ಲಿ, 1430ರ ಸುಮಾರಿಗೆ ಸಿದ್ಧವಾದ ಸಾವಿರ ಕಂಬದ ಬಸದಿಗೆ ಇಳಿಜಾರಿನ ಮಾಡುಗಳು ಬಂದವು. ಅಲ್ಲಿಯ ಮಳೆಗೆ ಅದೇ ತಕ್ಕುದು. ಒಂದೇ ಧರ್ಮದ ಒಂದೇ ಬಗೆಯ ಆಲಯ ಮಳಖೇಡದಲ್ಲಿ ಒಂದು ಸೂರನ್ನೂ ಮೂಡಬಿದಿರೆಯಲ್ಲಿ ಇನ್ನೊಂದು ಸೂರನ್ನೂ ತಾಳಿತೆಂಬುದು ಗಮನಾರ್ಹ. ಸೂರು ಆಯಾ ನೆಲದ ಆಕಾಶವನ್ನು ನೋಡಿ ಹುಟ್ಟಬೇಕೆಂಬುದನ್ನು ಹಿಂದಿನವರು ಬಲ್ಲವರಾಗಿದ್ದರು.

ಮಾಳಿಗೆಯ ಮನೆ

ದೇವಾಲಯದ ಕಲ್ಲು ಸಾಮಾನ್ಯ ಗೃಹಸ್ಥನಿಗೆ ಎಟುಕುವುದಿಲ್ಲ. ಅವನು ತನ್ನ ಯೋಗ್ಯತೆಗೆ ತಕ್ಕಂತೆ ಮಾಳಿಗೆಯ ಮನೆಯನ್ನು ಕಟ್ಟಿದನು. ಎರಡು ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಒಳಗೆ ಮರದ ಕಂಬ ಮತ್ತು ತೊಲೆ, ತೊಲೆಯ ಮೇಲೆ ಸಾಲು ಜಂತಿ, ಅದರ ಮೇಲೆ ಕಟ್ಟಿಗೆ ಹಾಸು, ಎಲ್ಲಕ್ಕೂ ಮೇಲೆ ಒಂದಡಿ ದಪ್ಪದ ಮಣ್ಣು. ಬೆಳಕಿಗೆ ಮಾಳಿಗೆಯಲ್ಲಿ ಬೆಳಕಿಂಡಿ. ಈ ಮನೆ ಬಿಸಿಲಿನಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಬಿರುಗಾಳಿಯ ಸಂಜೆ ಇದರೊಳಗೆ ಕುಳಿತವರಿಗೆ ಹೊರಗಿನ ಅಬ್ಬರ ಕಿವಿಗೆ ಬೀಳುತ್ತಿತ್ತೇ ಹೊರತು ಸೂರು ಅಲುಗುತ್ತಿರಲಿಲ್ಲ.

ಮಾಳಿಗೆಗೆ ವರ್ಷವರ್ಷವೂ ಆರೈಕೆ ಬೇಕು. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ತುಳಿದು ಗಟ್ಟಿಮಾಡುವ ಪದ್ಧತಿ ಇತ್ತು. ಹಳೆಯ ಮಣ್ಣನ್ನು ತೆಗೆದು ಹೊಸದನ್ನು ಹಾಕಿದ ಮನೆಗಳು ಕೆಲವು. ಹಳೆಯದರ ಮೇಲೆಯೇ ಹೊಸದನ್ನು ಹೇರಿದ ಮನೆಗಳು ಹಲವು. ತಂದೆಯ ಕಾಲಕ್ಕೆ ಒಂದಡಿ ಇದ್ದ ಮಣ್ಣು ಮಗನ ಕಾಲಕ್ಕೆ ಒಂದೂವರೆ ಅಡಿಯಾಯಿತು, ಮೊಮ್ಮಗನ ಕಾಲಕ್ಕೆ ಎರಡಡಿಯೂ ಆಯಿತು. ಗೋಡೆಯಾದರೋ ಹಳೆಯದೇ. ಅದರ ಎರಡು ಮುಖಗಳಲ್ಲಿ ದೊಡ್ಡ ಕಲ್ಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಮುಖಗಳನ್ನು ಕೂಡಿಸಿ ಹಿಡಿಯುವ ಅಡ್ಡಗಲ್ಲನ್ನು ಉಳಿತಾಯಕ್ಕಾಗಿ ಬಿಟ್ಟುಬಿಟ್ಟಿದ್ದರು. ಜಮೆಯನ್ನು ನೋಡದೆ ಖರ್ಚನ್ನು ಏರಿಸುತ್ತ ಹೋದ ಲೆಕ್ಕದಂತೆ ಮನೆಯ ಸ್ಥಿತಿಯಾಯಿತು. ಗಾಳಿ ಈ ತಪ್ಪನ್ನು ಹೊರಗೆ ಹಾಕಲಿಲ್ಲ. ಭೂಮಿ ಹಾಕಿತು.

1993ರ ಪಾಠ

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಬಿಟ್ಟುಬಂದ ಜನ ದಣಿದು ಮಲಗಿದ್ದರು. ಜೈನರ ಮನೆಗಳಲ್ಲಿ ದಶಲಕ್ಷಣ ಪರ್ವದ ಕೊನೆಯ ದಿನ ಮುಗಿದಿತ್ತು. ಕಂಪನದ ಪ್ರಮಾಣ 6ಕ್ಕಿಂತ ಸ್ವಲ್ಪ ಹೆಚ್ಚು. ಜಗತ್ತಿನ ದೊಡ್ಡ ಭೂಕಂಪಗಳ ಸಾಲಿನಲ್ಲಿ ಇದು ಮಧ್ಯಮ ತರದ್ದು. ಆದರೂ ಎಂಟರಿಂದ ಹತ್ತು ಸಾವಿರದವರೆಗೆ ಜನ ಸತ್ತರು. ಕಲಬುರಗಿ, ಬೀದರ ಜಿಲ್ಲೆಗಳಲ್ಲಿಯೂ ಜನ ನಡುಕವನ್ನು ಅನುಭವಿಸಿ ಹೊರಗೆ ಓಡಿಬಂದರು.

ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದುದು ಅವರದೇ ಮನೆ. ಅಡ್ಡಗಲ್ಲಿಲ್ಲದ ಗೋಡೆ ಎರಡು ಹೋಳಾಗಿ ಒಳಕ್ಕೂ ಹೊರಕ್ಕೂ ಒರಗಿತು, ಎರಡಡಿ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಕುಳಿತಿತು. ಇದರ ನಡುವೆ ಒಂದು ಸಂಗತಿಯನ್ನು ಪರಿಶೀಲನೆಗೆ ಬಂದ ತಜ್ಞರು ಗುರುತಿಸಿದರು. ಮರದ ಕಂಬಗಳೂ ತೊಲೆಗಳೂ ಒಂದಕ್ಕೊಂದು ಚೆನ್ನಾಗಿ ಕೂಡಿಕೊಂಡಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ಕಂಬಗಳ ಮೇಲೆ ನಿಂತೇ ಇತ್ತು. ಭಾರ ಎಲ್ಲ ಮನೆಗಳಿಗೂ ಒಂದೇ ಇತ್ತು. ಉಳಿದ ಮನೆಗೂ ಬಿದ್ದ ಮನೆಗೂ ಇದ್ದ ಅಂತರ ಕೂಡಿಕೆಯಲ್ಲಿತ್ತು. ಅದೇ ವರ್ಷ ಭಾರತೀಯ ಮಾನಕ ಬ್ಯೂರೋ ಮಣ್ಣಿನ ಮನೆಗಳಿಗೂ ಸಾಮಾನ್ಯ ಕಲ್ಲುಗೋಡೆಯ ಮನೆಗಳಿಗೂ ಪ್ರತ್ಯೇಕ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಗೋಡೆಯ ನಡುವೆ ಅಡ್ಡಗಲ್ಲು ಇರಬೇಕು, ಬಾಗಿಲ ಮೇಲ್ಮಟ್ಟದಲ್ಲಿಯೂ ಸೂರಿನ ಕೆಳಗೂ ಇಡೀ ಮನೆಯನ್ನು ಸುತ್ತಿ ಬರುವ ಕಾಂಕ್ರೀಟಿನ ಅಥವಾ ಮರದ ಪಟ್ಟಿ ಇರಬೇಕು, ಮಾಳಿಗೆಯ ಮಣ್ಣನ್ನು ತೆಳುವಾಗಿಸಬೇಕು ಎಂಬುವು ಅಂಥ ಸಲಹೆಗಳ ಸಾರ.

ಜನರ ಮನಸ್ಸಿನಲ್ಲಿ ಉಳಿದುದು ಕೊನೆಯ ಮಾತು ಮಾತ್ರ. ಭಾರದ ಸೂರು ಕೊಲ್ಲುತ್ತದೆ ಎಂಬ ಭಯ ಈ ಸೀಮೆಯಲ್ಲಿ ಬೇರೂರಿತು. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತ ಮೇಲಿಂದ ಮೇಲೆ ಕಂಪನಗಳಾದಾಗ ಜನ ಮನೆಗಳನ್ನು ಬಿಟ್ಟು ಬಯಲಿನಲ್ಲಿ ರಾತ್ರಿಗಳನ್ನು ಕಳೆದುದು ಆ ಭಯದ ಮುಂದುವರಿಕೆಯೇ.

ತಗಡು ಬಂದ ಬಗೆ

ಭಾರಕ್ಕೆ ಹೆದರಿದವನಿಗೆ ತಗಡು ಹತ್ತಿರವಾಯಿತು. ಅಲೆಅಲೆಯಾಗಿ ಮಡಿಚಿದ ಕಬ್ಬಿಣದ ತಗಡಿಗೆ 1829ರಲ್ಲಿ ಲಂಡನ್ನಿನ ಬಂದರಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ ಹಕ್ಕುಪತ್ರ ಪಡೆದನು. ತೆಳ್ಳಗಿನ ತಗಡನ್ನು ಅಲೆಯಾಗಿ ಬಾಗಿಸಿದರೆ ಅದಕ್ಕೆ ತೊಲೆಯಂಥ ಬಲ ಬರುತ್ತದೆಂಬುದೇ ಅವನ ಉಪಾಯ. ಸತುವಿನ ಲೇಪನ ಬಂದ ತರುವಾಯ ತುಕ್ಕಿನ ಕಾಟವೂ ಕಡಿಮೆಯಾಯಿತು. 1871ರಲ್ಲಿ ಮುಂಬಯಿ–ಮದ್ರಾಸು ರೈಲುದಾರಿ ಕೂಡಿಕೊಂಡು ಕಲಬುರಗಿಯ ಮೂಲಕ ಹಾದುಹೋದಾಗ ದೂರದ ಭಾರವಾದ ಸರಕುಗಳು ಈ ಸೀಮೆಗೆ ಸುಲಭವಾಗಿ ಬರತೊಡಗಿದವು, ಇಲ್ಲಿಯ ಶಹಾಬಾದ ಕಲ್ಲು ಹೊರಗೆ ಹೋಗತೊಡಗಿತು.

ಜನರ ಬಾಯಲ್ಲಿ ಪತ್ರಾಸು ಎಂದಾಗಿರುವ ಈ ತಗಡು ಇಂದು ಕಲಬುರಗಿ ನಗರದ ಹೊರವಲಯದ ಬಡಾವಣೆಗಳಲ್ಲಿಯೂ ಕಮಲಾಪುರದಂಥ ರಸ್ತೆಬದಿಯ ಊರುಗಳಲ್ಲಿಯೂ ಎಲ್ಲೆಲ್ಲೂ ಇದೆ. ಮನೆ, ಅಂಗಡಿಯ ಮುಂಚಾಚು, ಗೋದಾಮು, ದನದ ಕೊಟ್ಟಿಗೆ, ಕೂಲಿಕಾರರ ವಸತಿ, ಎಲ್ಲಕ್ಕೂ ಅದೇ. ಅಗ್ಗ, ಹಗುರ, ಒಂದೇ ದಿನದಲ್ಲಿ ಸೂರು ಸಿದ್ಧ. ಭೂಮಿ ನಡುಗಿದರೆ ತಗಡು ಯಾರನ್ನೂ ಹೂಳುವುದಿಲ್ಲ. ಆದರೆ ಗಾಳಿಗೆ ಅದು ಗಾಳಿಪಟ. ಹಾರಿಹೋಗದಿರಲೆಂದು ಜನ ಅದರ ಮೇಲೆ ಕಲ್ಲುಗಳನ್ನು ಸಾಲಾಗಿ ಹೇರುತ್ತಾರೆ. ಕೈಗೆ ಸಿಗುವುದೂ ಕಲ್ಲೇ, ಪೂರ್ವಿಕರ ಉತ್ತರವೂ ಭಾರವೇ. ಹೀಗೆ ಮಾಳಿಗೆಯ ಭಯದಿಂದ ತಗಡಿಗೆ ಬಂದವರು ತಗಡಿನ ಭಯದಿಂದ ಮತ್ತೆ ಕಲ್ಲನ್ನು ತಲೆಯ ಮೇಲೆ ಏರಿಸಿಕೊಂಡರು. ಬಿರುಗಾಳಿಗೆ ತಗಡು ಮೇಲೆದ್ದು, ಅದರ ಮೇಲಿನ ಕಲ್ಲು ಒಳಗಿದ್ದವರ ಮೇಲೆ ಬಿದ್ದು ಸಾವುನೋವುಗಳಾದ ಸುದ್ದಿ ಉತ್ತರ ಕರ್ನಾಟಕದ ಪತ್ರಿಕೆಗಳ ಓದುಗರಿಗೆ ಹೊಸದೇನಲ್ಲ. ತೊಟ್ಟಿಲಲ್ಲಿದ್ದ ಕೂಸು, ಹಾಸಿಗೆ ಹಿಡಿದ ಮುದುಕರು ಓಡಲಾರದೆ ಅದಕ್ಕೆ ಬಲಿಯಾಗುತ್ತಾರೆ.

ಗಾಳಿಯ ಲೆಕ್ಕ

ಈ ಕಲ್ಲು ಏಕೆ ಸಾಲದು ಎಂಬುದನ್ನು ವ್ಯಾಪಾರಿಯ ಲೆಕ್ಕದಂತೆಯೇ ಬರೆದು ನೋಡಬಹುದು. ಗಾಳಿಯ ವೇಗಕ್ಕೆ ಅಂಕೆಗಳನ್ನು ಕೊಟ್ಟವನು ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್, 19ನೆಯ ಶತಮಾನದ ಆರಂಭದಲ್ಲಿ. ಅವನ ಮಾಪನದ ಕೊನೆಯ ಅಂಕೆ 12. ಅದೇ ಚಂಡಮಾರುತದ ಗಾಳಿ. ಇಂದಿನ ಗಣನೆಯಲ್ಲಿ ಅದರ ಆರಂಭ ಗಂಟೆಗೆ ಸುಮಾರು 118 ಕಿಲೋಮೀಟರ್, ಎಂದರೆ ಸೆಕೆಂಡಿಗೆ ಸುಮಾರು 33 ಮೀಟರ್. ಸುಳಿಗಾಳಿಯ ಮಹಾರೂಪಕ್ಕೆ ಸೈಕ್ಲೋನ್ ಎಂಬ ಹೆಸರನ್ನು 1848ರಲ್ಲಿ ಬಳಕೆಗೆ ತಂದವನು ಕಲಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಸುರುಳಿ ಸುತ್ತಿದ ಹಾವಿನ ಕಲ್ಪನೆಯ ಗ್ರೀಕ್ ಮಾತಿನಿಂದ ಅದನ್ನು ಅವನು ರೂಪಿಸಿದನು.

ಭಾರತೀಯ ಮಾನಕದ ಗಾಳಿಯ ಸಂಹಿತೆ 1987ರಲ್ಲಿ ದೇಶವನ್ನು ಆರು ವಲಯಗಳಾಗಿ ವಿಂಗಡಿಸಿತು. 2015ರಲ್ಲಿ ಅದು ಪರಿಷ್ಕರಣಗೊಂಡಿತು. ಆ ವಲಯಗಳ ಮೂಲವೇಗಗಳು ಸೆಕೆಂಡಿಗೆ 33, 39, 44, 47, 50 ಮತ್ತು 55 ಮೀಟರ್. ಬೆಂಗಳೂರಿಗೆ 33, ಹೈದರಾಬಾದಿಗೆ 44, ಕಡಲತೀರದ ವಿಶಾಖಪಟ್ಟಣಕ್ಕೆ 50. ಇವು ಮೂರು ಸೆಕೆಂಡುಗಳ ಬೀಸಿನ ವೇಗಗಳು. ಬೋಫರ್ಟನ ಅಂಕೆ ಹೆಚ್ಚು ಹೊತ್ತಿನ ಸರಾಸರಿ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೂ ಒಂದು ಮಾತು ಸ್ಪಷ್ಟ. ದೇಶದ ಅತ್ಯಂತ ಸೌಮ್ಯ ವಲಯದ ಮನೆಯೂ ಚಂಡಮಾರುತದ ವೇಗದ ಒಂದು ಬೀಸನ್ನು ತಡೆಯುವಂತಿರಬೇಕೆಂದು ಶಾಸ್ತ್ರವೇ ಹೇಳುತ್ತದೆ. ಒಳನಾಡಿನವರಿಗೆ ಇದರಿಂದ ವಿನಾಯಿತಿ ಇಲ್ಲ.

ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಗಂಟೆಗೆ 60 ಕಿಲೋಮೀಟರ್ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 17 ಕಿಲೋ. ಸೆಕೆಂಡಿಗೆ 33 ಮೀಟರ್, ಎಂದರೆ ಗಂಟೆಗೆ 119 ಕಿಲೋಮೀಟರಾದರೆ ಸುಮಾರು 67 ಕಿಲೋ. 44 ಮೀಟರಾದರೆ ಸುಮಾರು 118 ಕಿಲೋ. ಚಪ್ಪಟೆ ಸೂರಿನ ಮೇಲೆ ಹಾದುಹೋಗುವ ಗಾಳಿ ಅದನ್ನು ಕೆಳಗೆ ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಗಾಳಿಯ ದಿಕ್ಕಿನ ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ.

ಈಗ ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಕೋಣೆಯ ತಗಡಿನ ಸೂರನ್ನು ತೆಗೆದುಕೊಳ್ಳೋಣ. ವಿಸ್ತೀರ್ಣ ಒಂಬತ್ತು ಚದರ ಮೀಟರಿಗೆ ಸ್ವಲ್ಪ ಹೆಚ್ಚು. ತಗಡಿನ ತೂಕ 45 ಕಿಲೋದ ಆಸುಪಾಸು. ಅದರ ಮೇಲೆ ತಲಾ 10 ಕಿಲೋದ 20 ಕಲ್ಲು, 200 ಕಿಲೋ. ಜಮೆ ಒಟ್ಟು 245 ಕಿಲೋ. ಗಂಟೆಗೆ 60 ಕಿಲೋಮೀಟರ್ ಗಾಳಿಯ ಎತ್ತುಬಲವನ್ನು ಅದೇ ಒತ್ತಡದ ಲೆಕ್ಕದಲ್ಲಿ ಹಿಡಿದರೆ ಖರ್ಚು 160 ಕಿಲೋ. ಲೆಕ್ಕ ಲಾಭದಲ್ಲಿದೆ, ಸೂರು ಉಳಿಯಿತು. ಗಾಳಿ 119 ಕಿಲೋಮೀಟರಾದರೆ ಖರ್ಚು 620 ಕಿಲೋ. ಸೂರೂ ಕಲ್ಲೂ ಒಟ್ಟಿಗೆ ಎದ್ದವು. ಇದು ಸ್ಥೂಲ ಲೆಕ್ಕ. ಸೂರಿನ ಅಂಚು, ಮೂಲೆಗಳಲ್ಲಿ ಸೆಳೆತ ಇನ್ನೂ ಹೆಚ್ಚು.

ಅಪಾಯದ ಗುಟ್ಟು ಇಲ್ಲಿಯೇ ಇದೆ. ಕಲ್ಲು ಹೇರಿದ ಸೂರು ವರ್ಷವರ್ಷದ ಸಾಮಾನ್ಯ ಗಾಳಿಯನ್ನು ಗೆಲ್ಲುತ್ತದೆ. ಹತ್ತು ವರ್ಷ ಗೆದ್ದ ಮೇಲೆ ಮನೆಯವನಿಗೆ ಅದರ ಮೇಲೆ ಭರವಸೆ ಹುಟ್ಟುತ್ತದೆ. ಹನ್ನೊಂದನೆಯ ವರ್ಷ ನಿಜವಾದ ಬಿರುಗಾಳಿ ಬಂದ ಸಂಜೆ ಆ ಭರವಸೆಯೇ ಅವನನ್ನು ಒಳಗೆ ಕೂರಿಸಿರುತ್ತದೆ. ಅದೇ ಕೋಣೆಗೆ ಒಂದಡಿ ಮಣ್ಣಿನ ಮಾಳಿಗೆ ಇದ್ದರೆ ತೂಕ ನಾಲ್ಕೂವರೆ ಟನ್ನು. ಗಾಳಿಗೆ ಅದು ಜಗ್ಗದು. ಆದರೆ ಭೂಮಿ ನಡುಗಿದ ದಿನ ಆ ನಾಲ್ಕೂವರೆ ಟನ್ನೂ ಸಾಲವಾಗಿ ತಲೆಯ ಮೇಲೆ ಬರುತ್ತದೆ. ಭಾರವನ್ನು ಹೆಚ್ಚಿಸಿದರೆ ಒಂದು ಆಪತ್ತು, ಇಳಿಸಿದರೆ ಇನ್ನೊಂದು. ಎರಡಕ್ಕೂ ಸಲ್ಲುವ ಉತ್ತರ ಒಂದೇ: ಸೂರನ್ನು ಹಗುರವಾಗಿಟ್ಟು ಬಿಗಿಯಾಗಿ ಕಟ್ಟುವುದು.

ಕಡಲತೀರಗಳು ಕಲಿಸಿದುದು

ಈ ಉತ್ತರವನ್ನು ಜಗತ್ತು ಬಹಳ ಬೆಲೆ ಕೊಟ್ಟು ಕಲಿತಿದೆ. ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು 1974ರ ಡಿಸೆಂಬರ್ 25ರ ನಸುಕಿನಲ್ಲಿ ಟ್ರೇಸಿ ಎಂಬ ಚಂಡಮಾರುತ ಬಡಿಯಿತು. ಗಾಳಿಯ ವೇಗ ಗಂಟೆಗೆ 217 ಕಿಲೋಮೀಟರೆಂದು ಅಳೆದ ಮೇಲೆ ಅಳೆಯುವ ಯಂತ್ರವೇ ಕೆಟ್ಟಿತು. ನಗರದ ಮನೆಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಹಾಳಾದವು. ಅವುಗಳಲ್ಲಿ ಬಹುಪಾಲು ತಗಡಿನ ಸೂರಿನವು. ತನಿಖೆಯಲ್ಲಿ ಕಂಡುಬಂದ ಕಾರಣ ಸಣ್ಣದು. ಗಾಳಿ ತಗಡನ್ನು ಸಾವಿರಾರು ಸಲ ಎತ್ತಿ ಇಳಿಸಿದಾಗ ಸ್ಕ್ರೂವಿನ ತಲೆಯ ಸುತ್ತ ಲೋಹ ದಣಿದು ಸೀಳಿತು, ತಗಡು ಸ್ಕ್ರೂವನ್ನು ಅಲ್ಲಿಯೇ ಬಿಟ್ಟು ಹಾರಿತು. ಸೂರು ಹೋದ ಮನೆಯ ಗೋಡೆಗಳು ಆಸರೆ ತಪ್ಪಿ ಬಿದ್ದವು. ಅಂದಿನಿಂದ ಅಲ್ಲಿ ಅಗಲವಾದ ವಾಷರು, ಹತ್ತಿರ ಹತ್ತಿರದ ಸ್ಕ್ರೂ, ಸೂರಿನಿಂದ ತಳಪಾಯದವರೆಗೆ ಕಡಿಯದ ಕಬ್ಬಿಣದ ಬಿಗಿತ ನಿಯಮವಾದವು.

ನಮ್ಮ ದೇಶದಲ್ಲಿ 1977ರ ನವೆಂಬರ್ 19ರಂದು ಆಂಧ್ರದ ಕೃಷ್ಣಾ ನದೀಮುಖದ ದಿವಿಸೀಮೆಯಲ್ಲಿ ಗಾಳಿಯ ಜೊತೆಗೆ ಕಡಲೂ ಊರೊಳಗೆ ನುಗ್ಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿಯೂ ಸತ್ತವರ ಸಂಖ್ಯೆ ಹತ್ತು ಸಾವಿರದ ಸುಮಾರು. ಅದೇ ಒಡಿಶಾಕ್ಕೆ 2013ರ ಅಕ್ಟೋಬರ್ 12ರಂದು ಫೈಲಿನ್ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಗಟ್ಟಿ ಕಟ್ಟಡಗಳಿಗೆ ಸಾಗಿಸಿದ್ದರಿಂದ ಸಾವು ನೂರನ್ನು ಮುಟ್ಟಲಿಲ್ಲ. ನಡುವಿನ 14 ವರ್ಷಗಳಲ್ಲಿ ಅಲ್ಲಿ ಚಂಡಮಾರುತದ ಆಶ್ರಯಗೃಹಗಳು ಎದ್ದಿದ್ದವು. ಉಳಿದ ದಿನಗಳಲ್ಲಿ ಅವು ಶಾಲೆಗಳಾಗಿ, ಸಭಾಭವನಗಳಾಗಿ ಊರಿಗೆ ಉಪಯೋಗವಾಗುತ್ತವೆ.

ಬಂಗಾಳ ಕೊಲ್ಲಿಯ ಈ ಕೋಪಕ್ಕೂ ಕಲಬುರಗಿಗೂ ಸಂಬಂಧವಿಲ್ಲವೆಂದು ತಿಳಿಯಲಾಗದು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ದಡ ಸೇರಿದ ತೀವ್ರ ವಾಯುಭಾರ ಕುಸಿತ ತೆಲಂಗಾಣವನ್ನು ದಾಟಿ ಉತ್ತರ ಕರ್ನಾಟಕದ ಮೇಲೆ ಸಾಗಿತು. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿ ದಡ ಮೀರಿ ಊರುಗಳನ್ನು ಹೊಕ್ಕಿತು. ಗಾಳಿ ದಾರಿಯಲ್ಲಿಯೇ ಬಲಗುಂದಿದ್ದರೂ ಮಳೆ ಗುಂದಿರಲಿಲ್ಲ. ನೆನೆದ ಮಣ್ಣಿನ ಗೋಡೆಗೆ ಮುಂದಿನ ಗಾಳಿಯನ್ನು ತಡೆಯುವ ಶಕ್ತಿ ಅರ್ಧವೂ ಉಳಿಯುವುದಿಲ್ಲ.

ಕಮಲಾಪುರದ ಬಾಳೆ

ಬಿಗಿತದ ಪಾಠಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರ ತನ್ನ ಕೆಂಪು ಬಾಳೆಯಿಂದ ಪ್ರಸಿದ್ಧ. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಕೆಂಪು ಬಾಳೆ ಎತ್ತರದ ಗಿಡ, ಫಸಲಿಗೆ ಬೇರೆ ತಳಿಗಳಿಗಿಂತ ದೀರ್ಘ ಕಾಲವನ್ನು ತೆಗೆದುಕೊಳ್ಳುವಂಥದು. ಆದ್ದರಿಂದ ಬೇಸಿಗೆಯ ಬಿರುಗಾಳಿಯನ್ನು ಅದು ದಾಟಿಯೇ ಬರಬೇಕು. ಬಾಳೆಯ ಎಲೆ ಗಾಳಿಗೆ ಎಳೆಎಳೆಯಾಗಿ ಸೀಳಿಕೊಂಡು ದಾರಿ ಕೊಡುತ್ತದೆ. ಹೀಗೆ ಎಲೆ ಗಾಳಿಯ ಹೊಡೆತವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಗೊನೆ ಹೊತ್ತ ಕಾಂಡಕ್ಕೆ ಅಂಥ ಉಪಾಯವಿಲ್ಲ. ಮೇಲಿನ ಭಾರ ಹೆಚ್ಚಿದಷ್ಟೂ ಅದು ಬೇಗ ಮುರಿಯುತ್ತದೆ. ಬಾಳೆ ಬೆಳೆಯುವವರು ಗೊನೆಯ ಗಿಡಕ್ಕೆ ಆಸರೆಗೋಲು ಕೊಟ್ಟು ಕಟ್ಟುತ್ತಾರೆ, ತೋಟದ ಗಾಳಿಬದಿಗೆ ಮರಗಳ ಸಾಲನ್ನು ಬೆಳೆಸುತ್ತಾರೆ. ಗಾಳಿಗೆ ಗಿಡ ಬೀಳದಿರಲೆಂದು ಅದರ ತಲೆಯ ಮೇಲೆ ಕಲ್ಲು ಹೇರುವ ರೈತನನ್ನು ಯಾರೂ ಕಂಡಿಲ್ಲ. ತೋಟದಲ್ಲಿ ಇಷ್ಟು ತಿಳಿದ ಜನ ಮನೆಯ ಸೂರಿನ ವಿಷಯದಲ್ಲಿ ಮಾತ್ರ ಕಲ್ಲನ್ನು ನಂಬುವುದು ವಿಚಿತ್ರ.

ಬಿಗಿತದ ಕ್ರಮ

ಗಟ್ಟಿ ಸೂರಿನ ಕ್ರಮ ಕೆಳಗಿನಿಂದ ಮೇಲಕ್ಕೆ ಹೋಗುವ ಸರಪಳಿಯಂತೆ. ತಳಪಾಯಕ್ಕೆ ಗೋಡೆ, ಗೋಡೆಗೆ ಅದರ ನೆತ್ತಿಯ ಕಾಂಕ್ರೀಟ್ ಪಟ್ಟಿ, ಪಟ್ಟಿಗೆ ಅಡ್ಡಪೈಪು ಅಥವಾ ಜಂತಿ, ಜಂತಿಗೆ ತಗಡು. ಇವುಗಳಲ್ಲಿ ಯಾವ ಕೊಂಡಿ ಸಡಿಲವಾಗಿದೆಯೋ ಅಲ್ಲಿಯೇ ಗಾಳಿ ಬಿಚ್ಚುತ್ತದೆ. ಹೊಸ ಮನೆಯಾದರೆ ಪಟ್ಟಿಯನ್ನು ಹಾಕುವಾಗಲೇ ಅದರೊಳಗೆ ಬೋಲ್ಟುಗಳನ್ನು ಹೂತು ಜಂತಿಗಳನ್ನು ಅವಕ್ಕೆ ಬಿಗಿಯಬೇಕು. ಭೂಕಂಪಕ್ಕೂ ಇದೇ ಪಟ್ಟಿ ಬೇಕು, ಆದುದರಿಂದ ಒಂದೇ ಖರ್ಚಿಗೆ ಎರಡು ರಕ್ಷೆ. ಹಳೆಯ ಮನೆಯಾದರೆ ಜಂತಿಯಿಂದ ಗೋಡೆಗುಂಟ ಎರಡು ಮೂರು ಅಡಿ ಕೆಳಗಿಳಿಯುವ ಕಬ್ಬಿಣದ ಪಟ್ಟಿಗಳನ್ನು ಜಡಿದು ಗೋಡೆಯ ಭಾರವನ್ನೂ ಸೂರಿನ ಜಮೆಗೆ ಸೇರಿಸಬೇಕು.

ತಗಡನ್ನು ಜಂತಿಗೆ ಮೊಳೆಯಿಂದ ಹೊಡೆಯದೆ ಜೆ-ಬೋಲ್ಟಿನಿಂದ ಹಿಡಿಸುವುದು ಲೇಸು. ಎಂಟು ಮಿಲಿಮೀಟರ್ ದಪ್ಪದ ಒಂದು ಬೋಲ್ಟು ನೂರಾರು ಕಿಲೋ ಎಳೆತವನ್ನು ತಡೆಯುತ್ತದೆ. ಸೀಳುವುದು ತಗಡೇ. ಆದ್ದರಿಂದ ಅಗಲವಾದ ವಾಷರು ಹಾಕಬೇಕು, ಅಂಚು, ಮೂಲೆ ಮತ್ತು ನೆತ್ತಿಗಳಲ್ಲಿ ಬೋಲ್ಟುಗಳನ್ನು ಹೆಚ್ಚು ಹತ್ತಿರ ಹಾಕಬೇಕು. ಪಡಸಾಲೆಯ ಮುಂಚಾಚನ್ನು ಮನೆಯ ಸೂರಿನೊಡನೆ ಒಂದೇ ತಗಡಿನಲ್ಲಿ ಮುಂದುವರಿಸಬಾರದು. ಗಾಳಿ ಮೊದಲು ಹಿಡಿಯುವುದು ಅದನ್ನೇ. ಬೇರೆಯಾಗಿದ್ದರೆ ಅದು ಹೋದರೂ ಮನೆ ಉಳಿಯುತ್ತದೆ. ಗಾಳಿ ಏಳುತ್ತಲೇ ಬಾಗಿಲು ಕಿಟಕಿಗಳನ್ನು ಚಿಲಕ ಹಾಕಿ ಮುಚ್ಚಬೇಕು. ಬೋಲ್ಟಿಗೂ ಶಕ್ತಿಯಿಲ್ಲದ ಗುಡಿಸಲಿನವರು ಸೂರಿನ ಮೇಲಿಂದ ಹಗ್ಗ ಅಥವಾ ತಂತಿಯನ್ನು ಹಾಯಿಸಿ ನೆಲದ ಗೂಟಕ್ಕೆ ಬಿಗಿದರೂ ಕಲ್ಲಿಗಿಂತ ಸಾವಿರ ಪಾಲು ಉತ್ತಮ. ಕಾಂಕ್ರೀಟ್ ಮನೆಯವರೂ ನಿಶ್ಚಿಂತರಾಗಿರುವಂತಿಲ್ಲ. ಮಾಳಿಗೆಯ ಮೇಲಿನ ಸೌರ ಫಲಕ, ಖಾಲಿ ಪ್ಲಾಸ್ಟಿಕ್ ನೀರಿನ ತೊಟ್ಟಿ, ಜಾಹೀರಾತಿನ ಹಲಗೆ ಇವು ಹಾರಿದರೆ ಕೆಳಗೆ ಹೋಗುವ ಬಡವನ ತಲೆಯೇ ಗುರಿಯಾಗುತ್ತದೆ.

ಅಭಯದಾನ

ಗೃಹಸ್ಥನಿಗೆ ತಪ್ಪದ ಹಿಂಸೆಗಳಲ್ಲಿ ಆರಂಭೀ ಹಿಂಸೆಯೂ ಒಂದು. ನೆಲ ಅಗೆಯದೆ, ಕಲ್ಲು ಒಡೆಯದೆ ಮನೆ ಏಳದು. ಆಚಾರ್ಯರು ಶ್ರಾವಕನಿಗೆ ಅಷ್ಟರ ಮಟ್ಟಿಗೆ ಅವಕಾಶ ಕೊಟ್ಟಿದ್ದಾರೆ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಅದರ ಮೂಲದಲ್ಲಿ ಇಟ್ಟಿದ್ದಾರೆಂಬುದು ಓದುಗರಿಗೆ ತಿಳಿದೇ ಇದೆ. ಕಟ್ಟುವಾಗ ಅನಿವಾರ್ಯವಾಗಿ ಆದುದು ಒಂದು ತೆರ. ಬೋಲ್ಟಿನ ಹಣವನ್ನು ಉಳಿಸಿ ಕಲ್ಲು ಹೇರಿ, ಅದರಡಿಯಲ್ಲಿ ಇನ್ನೊಬ್ಬರ ಸಂಸಾರವನ್ನು ಬಾಡಿಗೆಗೆ ಇರಿಸಿದುದು ಇನ್ನೊಂದು ತೆರ. ಎರಡನೆಯದಕ್ಕೆ ದೈವವನ್ನೋ ಗಾಳಿಯನ್ನೋ ಹೊಣೆಮಾಡಿ ಪಾರಾಗುವಂತಿಲ್ಲ. ಮುಖದ ಮುಂದೆ ಹಾರುವ ಸೂಕ್ಷ್ಮ ಜೀವಿಗೆ ನೋವಾಗದಿರಲೆಂದು ಎಚ್ಚರ ವಹಿಸುವ ಸಮಾಜ ಗೋದಾಮಿನ ಹಮಾಲನು ಮಲಗುವ ತಗಡಿನ ಮೇಲೆ ಏನಿದೆಯೆಂದು ತಲೆಯೆತ್ತಿ ನೋಡಬೇಕಾದುದು ನ್ಯಾಯ.

ಬಸದಿಗಳ ಟ್ರಸ್ಟುಗಳಿಗೆ ಈ ಹೊಣೆ ಇನ್ನೂ ಹೆಚ್ಚು. ಯಾತ್ರಿಕರ ವಸತಿ, ಭೋಜನಶಾಲೆ, ಬಾಡಿಗೆಯ ಮಳಿಗೆ, ಕಾವಲುಗಾರನ ಕೋಣೆ, ಇವುಗಳ ಸೂರು ಟ್ರಸ್ಟಿನದು. ಮಹಾವೀರ ಜಯಂತಿಯೂ ಅಕ್ಷಯ ತೃತೀಯೆಯೂ ಬರುವುದು ಬಿರುಗಾಳಿಯ ಋತುವಿನ ಹೊಸ್ತಿಲಲ್ಲಿಯೇ. ಅನೇಕ ಪಂಚಕಲ್ಯಾಣಗಳೂ ಬೇಸಿಗೆಯಲ್ಲಿಯೇ ನಡೆಯುತ್ತವೆ. ಸಾವಿರಾರು ಜನರಿಗೆ ನೆರಳಾಗುವ ಶಾಮಿಯಾನ ಗಾಳಿಯ ಕಣ್ಣಿಗೆ ಹಡಗಿನ ಪಟವಿದ್ದಂತೆ. ಅದರ ಗೂಟ ಹಗ್ಗಗಳನ್ನು ಪರೀಕ್ಷಿಸುವವನು ಯಾರು, ಕಾರ್ಮೋಡ ಕಂಡರೆ ಜನರನ್ನು ಯಾವ ಗಟ್ಟಿ ಕಟ್ಟಡಕ್ಕೆ ಕಳುಹಿಸುವುದು ಎಂಬುದು ಸವಾಲು ಹರಾಜಿನಷ್ಟೇ ಮುಖ್ಯವಾದ ನಿರ್ಣಯವೆಂದು ಸಮಿತಿಯ ಸಭೆಯಲ್ಲಿ ಬರೆದಿಡಬೇಕು. ಪ್ರತಿವರ್ಷ ಯುಗಾದಿಗೆ ಮುಂಚೆ ಟ್ರಸ್ಟಿನ ಎಲ್ಲ ಸೂರುಗಳನ್ನೂ ಒಬ್ಬ ಎಂಜಿನಿಯರ್ ಮತ್ತು ಒಬ್ಬ ಬಡಿಗ ಏರಿ ನೋಡುವ ಪದ್ಧತಿ ಬಂದರೆ, ಲೆಕ್ಕಪತ್ರದ ತಪಾಸಣೆಯಂತೆ ಅದೂ ರೂಢಿಯಾದೀತು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲಿನ ಮೂರಕ್ಕೆ ಕಲಬುರಗಿ ಸೀಮೆಯ ಶ್ರಾವಕರು ಯಾವಾಗಲೂ ಕೈ ಬಿಚ್ಚಿದ್ದಾರೆ. ನಾಲ್ಕನೆಯದಕ್ಕೆ ಅವಕಾಶ ಅವರ ತಲೆಯ ಮೇಲೆಯೇ ಇದೆ. ಆತ್ಮನಿಗೆ ಕರ್ಮದ ಬಂಧ ಕಳಚಬೇಕಾದುದು. ಸೂರಿಗೆ ಕಬ್ಬಿಣದ ಬಂಧ ಬಿಗಿಯಬೇಕಾದುದು. ಊರಿನ ಒಂದು ಬಡ ಮನೆಯ ತಗಡಿನ ಮೇಲಿನ ಕಲ್ಲುಗಳನ್ನು ಇಳಿಸಿ, ಆ ತಗಡನ್ನು ಜಂತಿಗೂ ಜಂತಿಯನ್ನು ಗೋಡೆಗೂ ಬೋಲ್ಟಿನಿಂದ ಬಿಗಿಸಿಕೊಟ್ಟರೆ, ಮುಂದಿನ ರೋಹಿಣಿ ಮಳೆಯ ರಾತ್ರಿ ಆ ಮನೆಯ ತಾಯಿ ತನ್ನ ಕೂಸನ್ನು ನಿರ್ಭಯವಾಗಿ ಮಲಗಿಸುತ್ತಾಳೆ. ಅಭಯದಾನದ ಅರ್ಥವನ್ನು ಇದಕ್ಕಿಂತ ಸಮೀಪದಲ್ಲಿ ಹುಡುಕಬೇಕಾಗಿಲ್ಲ.